ಮಾಮಾನ ಗಡ್ಡಿಗೆ ನೀರು ಎಲ್ಲಿಂದ ಬರ್ತಿತ್ತು

ಸಿಟಿ ಸ್ಕ್ಯಾನ್ ಟೆಕ್ನೀಷಿಯನ್ ಆಗಿ ಸ್ಕ್ಯಾನ್ ರೂಮಿನ ಕಾಜಿನ ಈಕಡೆ ಕುಂತು ನನಗ 12 ವರ್ಷ ಆತು. ದಿನಕ್ಕ ಮೂವತ್ತರ ಸುಮಾರು ಮಂದಿ ಬರ್ತಾರ, ತಲಿ ಪೆಟ್ಟು, ಹೊಟ್ಟಿ ನೋವು, ಕಿಡ್ನಿ ಸ್ಟೋನ್, ರಾತ್ರಿ ಡ್ಯೂಟಿ ಇದ್ರ ಹೈವೇ ಆಕ್ಸಿಡೆಂಟ್. ಹೆಸರು ಕೇಳ್ತೀನಿ, ಮಲಗಸ್ತೀನಿ, ‘ಉಸಿರು ಎಳಕೋರಿ, ಬಿಗಿ ಹಿಡೀರಿ, ಬಿಡ್ರಿ’ ಅಂತೀನಿ, ಮುಂದಿನವರನ್ನ ಕರೀತೀನಿ. ಒಬ್ಬರ ಮುಖಾನೂ ಸಂಜಿಗೆ ನೆನಪಿರೂದಿಲ್ಲ, ಖರೇ ಹೇಳ್ತೀನಿ. ಆದ್ರ ಈ ಸಲ ದೀಪಾವಳಿ ಮುಂದ ಕಾಜಿನ ಆಕಡೆ ಮಲಗಿದ್ದವ ನಮ್ಮ ಅವ್ವನ ತಮ್ಮ, ನನ್ನ ಸೋದರಮಾವ, ಅವತ್ತ ಮೈಕ್ ಬಟನ್ ಒತ್ತಿ ‘ಉಸಿರು’ ಅನ್ನಾಕ ನನ್ನ ಬಾಯಿಂದ ದನಿನ ಲಗೂನ ಬರ್ಲಿಲ್ಲ. ಅವನ ಎದಿಯೊಳಗಿನ ಗಡ್ಡಿಗೆ ರಕ್ತ ಹೆಂಗ ಹರೀತೈತಿ ಅಂತ ನೋಡೋ ಪರ್ಫ್ಯೂಷನ್ ಸಿಟಿ ಅನ್ನೋ ಪರೀಕ್ಷಾದ ಕತಿ ಇದು.

ಮಾಮಾ ನಿಪ್ಪಾಣಿಯವ. ನಿಪ್ಪಾಣಿ ಅಂದ್ರ ತಂಬಾಕು ಅಂತ ಬೆಳಗಾವಿ ಜಿಲ್ಲಾದಾಗ ಸಣ್ಣ ಹುಡುಗರಿಗೂ ಗೊತ್ತು. 1981ರಾಗ ರೈತ ಮುಖಂಡ ಶರದ್ ಜೋಶಿಯವರ ಸಂಗಾಟ ತಂಬಾಕು ರೈತರು ಹೈವೇ ಮ್ಯಾಲ ಕುಂತಿದ್ರಲ್ಲ, ಆಗ ಮಾಮಾ ಇಪ್ಪತ್ತರ ಆಸುಪಾಸಿನ ಹುಡುಗ, ಆ ಕತಿ ಅಂವ ನೂರು ಸಲ ಹೇಳ್ಯಾನ, ಪ್ರತಿ ಸಲ ಅದರಾಗ ಅವನ ಪಾತ್ರ ಒಂದೀಟ ದೊಡ್ಡದಾಗಿರ್ತೈತಿ. ಅವನ ಕೆಲಸ ಮಾತ್ರ ವಖಾರಿಯೊಳಗ, ಅಂದ್ರ ತಂಬಾಕಿನ ಗೋದಾಮಿನ್ಯಾಗ. ಚೀಲ ಇಳಿಸೋದು, ಝಾಡಿಸೋದು, ಜರಡಿ ಹಿಡಿಯೋದು. ಮೂಗಿಗೆ ಟಾವೆಲ್ ಕಟ್ಕೊಂಡು ಒಳಗ ಹೊಕ್ಕರ ಹೊರಗ ಬರೂತನಾ ಬರೇ ಸೀನು. ಬಿಡುವು ಸಿಕ್ಕರ ಬೀಡಿ. ದಿನಕ್ಕ ಒಂದು ಕಟ್ಟು, ಹಬ್ಬ ಹುಣ್ಣಿವಿ ಇದ್ರ ಎರಡು.

ಹೋದ ಮಳಿಗಾಲದಾಗ ಕೆಮ್ಮು ಸುರುವಾತು. ಬೀಡಿ ಸೇದವರಿಗೆ ಕೆಮ್ಮು ಏನು ಹೊಸಾದೇನ್ರಿ, ಯಾರೂ ತಲಿ ಕೆಡಿಸ್ಕೊಳ್ಳಿಲ್ಲ. ಕಫದಾಗ ರಕ್ತದ ಎಳಿ ಕಂಡ ಮ್ಯಾಲ ಅತ್ತಿ ಗಾಬರಿ ಆಗಿ ಹತ್ರದ ಒಬ್ಬ ಡಾಕ್ಟರ್ ಕಡೆ ಕರ್ಕೊಂಡು ಹೋದ್ಲು. ಅವರು ಎಕ್ಸ್‌ರೇ ತಗಸಿ ಮ್ಯಾಲಿನ ಭಾಗದಾಗ ಬಿಳಿ ಕಲಿ ನೋಡಿ ಟಿಬಿ ಅಂದ್ರು. ಕಫ ಟೆಸ್ಟ್ ಮಾಡಸ್ರಿ, ಕಫದಾಗ ಟಿಬಿ ಹುಳ ಹುಡುಕೋ ಸಿಬಿನ್ಯಾಟ್‌ಗೆ ಕಳಸ್ರಿ ಅಂತ ಒಂದು ಮಾತು ಆಡ್ಲಿಲ್ಲ, ಗುಳಿಗಿ ಸುರು ಮಾಡಿಬಿಟ್ರು. ಎರಡು ತಿಂಗಳು ನುಂಗಿದ, ಉಚ್ಚಿ ಕೆಂಪಗ ಆತು, ಹೊಟ್ಟಿ ಕೆಟ್ಟಿತು, ತೂಕ ಮತ್ತ ಇಳೀತು, ಕೆಮ್ಮು ಇದ್ದಂಗ. ನನಗ ಹೇಳೇ ಇರ್ಲಿಲ್ಲ! ಟಿಬಿ ಅಂತ ಊರಿಗೆ ಗೊತ್ತಾದ್ರ ಮಗಳ ಮದವಿ ಮಾತಿಗೆ ತೊಂದ್ರಿ ಅಂತ ಮುಚ್ಚಿ ಇಟ್ಟಿದ್ರು. ನಮ್ಮ ದೇಶದಾಗ ಟಿಬಿ ಭಾಳ ಇರೋದು ಖರೇ, ಎಕ್ಸ್‌ರೇದಾಗ ಟಿಬಿ, ಕ್ಯಾನ್ಸರ್ ಎರಡೂ ಒಂದ ನಮೂನಿ ಕಾಣೋದೂ ಖರೇ, ಆದ್ರ ಕಫ ಪರೀಕ್ಷಾ ಮಾಡದ ಎರಡು ತಿಂಗಳು ಹೋಗೋದನ್ನ ನಾ ಏನಂತ ಸಮಜಾಯಿಸಿ ಮಾಡ್ಕೋಬೇಕು, ಇನ್ನೂ ಸಿಟ್ಟು ಇಳಿದಿಲ್ಲ ನೋಡ್ರಿ.

ನಿಪ್ಪಾಣಿ ಮಂದಿ ದೊಡ್ಡ ಜಡ್ಡಿಗೆ ಹಿಂದಿನಿಂದ ಮಿರಜಕ್ಕ ಇಲ್ಲಾ ಕೊಲ್ಹಾಪುರಕ್ಕ ಹೋಗ್ತಾರ. ನಾನ ಹಟ ಮಾಡಿ ಬೆಳಗಾವಿಗೆ ಕರ್ಸಿದೆ. ಸಾದಾ ಸಿಟಿ ಮಾಡಿದ್ವಿ, ಬಲಗಡೆ ಪುಪ್ಪಸದ ಮ್ಯಾಲಿನ ಭಾಗದಾಗ 6 ಸೆಂಟಿಮೀಟರ್ ಗಡ್ಡಿ, ನಡು ಎದಿಯೊಳಗ ಒಂದೆರಡು ಗಂಟೂ ಇದ್ವು. ಸ್ಕ್ರೀನ್ ಮ್ಯಾಲ ಕಂಡ ಕೂಡ್ಲೆ ನನಗ ತಿಳೀತು, ಆದ್ರ ಟೆಕ್ನೀಷಿಯನ್ ಬಾಯಿ ಬಿಡಬಾರದು, ರಿಪೋರ್ಟ್ ಡಾಕ್ಟರ್ ಕೊಡ್ಬೇಕು, ಹಿಂಗಾಗಿ ಹೊರಗ ಬಂದು ಅತ್ತಿಗೆ ‘ನೋಡೂಣು ತಡಿ’ ಅಂದೆ. ಅಕಿ ನನ್ನ ಮಾರಿ ನೋಡಿ ಅಲ್ಲೇ ಬೆಂಚ್ ಮ್ಯಾಲ ಕುಂತ್ಲು.

ಬಯಾಪ್ಸಿ ಆತು, ಅಂದ್ರ ಪರೀಕ್ಷಾಕ್ಕ ಸೂಜಿಲೆ ಗಡ್ಡಿಯ ಸಣ್ಣ ತುಣುಕು ತಗಿಯೋದು. ಸೂಜಿ ಸರಿಯಾಗಿ ಗಡ್ಡಿ ನಟ್ಟನಡುವ ಹೋಗಿತ್ತು, ನಾನ ಮಷೀನ್ ಮ್ಯಾಲ ಇದ್ದೆ. ನಾಲ್ಕು ದಿನದ ಮ್ಯಾಲ ರಿಪೋರ್ಟ್ ಬಂತು: ಬರೇ ಸತ್ತ ಮಾಂಸ, ಇದರ ಮ್ಯಾಲಿಂದ ಏನೂ ಹೇಳಾಕ ಬರೂದಿಲ್ಲ, ಮತ್ತೊಮ್ಮೆ ತಗೀರಿ. ಕ್ಯಾನ್ಸರ್ ಅಂತ ಎಲ್ಲಾರಿಗೂ ಗೊತ್ತಾದ್ರೂ ಯಾವ ನಮೂನಿ ಅಂತ ಕಾಗದದ ಮ್ಯಾಲ ಬರೂತನಾ ಔಷಧ ಸುರು ಮಾಡಾಕ ಬರೂದಿಲ್ಲ. ಮತ್ತ ಸೂಜಿ ಚುಚ್ಚಬೇಕು ಅಂದಾಗ ಮಾಮಾ, ‘ನಾ ಏನು ಗೋಣಿ ಚೀಲ ಏನೋ, ದಬ್ಬಣ ಹಾಕಿ ಹಾಕಿ ನೋಡಾಕ’ ಅಂದ.

ಪರ್ಫ್ಯೂಷನ್ ಸಿಟಿ ಮಾತು ಬಂದಿದ್ದು ಇಲ್ಲೆ. ನಮ್ಮಲ್ಲೆ ಒಬ್ಬರು ಪಿಜಿ ಡಾಕ್ಟರ್ ಲಂಗ್ ಗಡ್ಡಿಗಳ ಪರ್ಫ್ಯೂಷನ್ ಮ್ಯಾಲ ಥೀಸಿಸ್ ಮಾಡಾಕತ್ತಿದ್ರು. ಬ್ರೈನ್ ಪರ್ಫ್ಯೂಷನ್ ನಮಗ ರೂಢಿ ಇರೋದು, ಲಕ್ವಾ ಹೊಡೆದವರಿಗೆ ಮಾಡ್ತೀವಿ, ಮೆದುಳಿನ ಯಾವ ಭಾಗ ಸತ್ತೈತಿ ಯಾವುದು ಇನ್ನೂ ಉಳಿಸಬಹುದು ಅಂತ ನೋಡಾಕ. ಪುಪ್ಪಸಕ್ಕ ಮಾಡೋದು ಅಪರೂಪ, ರೊಟೀನ್ ಅಲ್ಲ. ಅವರು ಮಾಮಾಗ ಮರಾಠಿ ಕನ್ನಡ ಎರಡೂ ಕೂಡಿಸಿ ತಿಳಿಸಿ ಹೇಳಿದ್ರು, ಕನ್ಸೆಂಟ್ ಫಾರ್ಮ್ ಓದಿ ತೋರಿಸಿದ್ರು, ಇದಕ್ಕ ರೊಕ್ಕ ತಗೊಳ್ಳೂದಿಲ್ಲ, ಬ್ಯಾಡ ಅಂದ್ರ ನಿಮ್ಮ ಟ್ರೀಟ್ಮೆಂಟ್‌ಗೆ ಏನೂ ಫರಕ್ ಬೀಳೂದಿಲ್ಲ ಅಂದ್ರು. ಮಾಮಾ ನನ್ನ ಕಡೆ ನೋಡಿದ. ನಾ ತಲಿ ಅಲ್ಲಾಡಿಸ್ದೆ. ಸಹಿ ಮಾಡಿದ.

ಅತ್ತಿಗೆ ನಾ ಹೇಳಿದ ರೀತಿಯೊಳಗ ನಿಮಗೂ ಹೇಳ್ತೀನಿ. ಸಾದಾ ಸಿಟಿ ಅಂದ್ರ ಹೊಲದ ಒಂದು ಫೋಟೋ. ಬೆಳಿ ಎಷ್ಟು ಎತ್ತರ, ಎಷ್ಟು ಅಗಲ ಅಂತ ಅದರಾಗ ಕಾಣ್ತೈತಿ. ಪರ್ಫ್ಯೂಷನ್ ಅಂದ್ರ ಆ ಹೊಲಕ್ಕ ನೀರು ಬಿಟ್ಟು, ಯಾವ ಮಡಿಗೆ ಮೊದಲು ಹೋತು, ಯಾವುದಕ್ಕ ತಡ ಆತು, ಎಲ್ಲೆ ನಿಂತಿತು, ಎಲ್ಲೆ ಮುಟ್ಟೇ ಇಲ್ಲ ಅಂತ ಬದುವಿನ ಮ್ಯಾಲ ನಿಂತು ನೋಡೋದು. ಇಲ್ಲೆ ನೀರು ಅಂದ್ರ ರಕ್ತ. ರಕ್ತ ಸಿಟಿಯೊಳಗ ಬ್ಯಾರೆ ಕಾಣೂದಿಲ್ಲ, ಅದಕ್ಕ ಅಯೋಡಿನ್ ಇರೋ ಕಾಂಟ್ರಾಸ್ಟ್ ಔಷಧ ಜೋರಾಗಿ ನರದಾಗ ಬಿಟ್ಟು, ಒಂದೆರಡು ಸೆಕೆಂಡಿಗೊಮ್ಮೆ ಅದೇ ಜಾಗಾನ ಮತ್ತ ಮತ್ತ ಸ್ಕ್ಯಾನ್ ಮಾಡ್ತೀವಿ. ನೀರಿಗೆ ಸೊನ್ನಿ, ಗಾಳಿಗೆ ಮೈನಸ್ 1000 ಅಂತ ಸಿಟಿಗೆ ಒಂದು ಅಳತಿ ಐತಿ, ಹೌನ್ಸ್‌ಫೀಲ್ಡ್ ಅಂತಾರ, 1971ರಾಗ ಲಂಡನ್‌ನ್ಯಾಗ ಮೊದಲ ಪೇಶೆಂಟ್ ಸ್ಕ್ಯಾನ್ ಆದ ಮಷೀನ್ ಮಾಡಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರಿನ ಮ್ಯಾಲ. ಅಯೋಡಿನ್ ಎಷ್ಟು ಬಂತೋ ಅಷ್ಟು ಆ ನಂಬರ್ ಏರ್ತೈತಿ. ಟೈಮ್ ಒಂದು ಕಡೆ, ನಂಬರ್ ಒಂದು ಕಡೆ ಇಟ್ಟು ಗ್ರಾಫ್ ಬರದ್ರ ಗಡ್ಡಿಗೆ ರಕ್ತ ಬಂದು ಹೋದ ಲೆಕ್ಕ ಸಿಗ್ತೈತಿ. ನಿಮಿಷಕ್ಕ ಎಷ್ಟು ರಕ್ತ ಹಾಯ್ತು, ಒಟ್ಟು ಎಷ್ಟು ತುಂಬೇತಿ, ಹಾದು ಹೋಗಾಕ ಎಷ್ಟು ಸೆಕೆಂಡ್ ಹಿಡೀತು, ಮತ್ತ ನಾಳದ ಗ್ವಾಡಿಯಿಂದ ಹೊರಗ ಎಷ್ಟು ಸೋರ್ತು. ಈ ಲೆಕ್ಕದ ಬುನಾದಿ ಹಾಕಿದ್ದು 1980ರಾಗ ಲಿಯಾನ್ ಆಕ್ಸೆಲ್, ಮೆದುಳಿನ ಸಲುವಾಗಿ. ಬಣ್ಣದ ನಕಾಶಿ ಮಾಡಿ ತೋರಿಸಿದ್ದು 1991ರಾಗ ಕೆನ್ ಮೈಲ್ಸ್ ಮತ್ತ ಅವರ ಜೋಡಿ ಇದ್ದವರು.

ಸೋರೋದು ಯಾಕ ಮುಖ್ಯ ಅಂದ್ರ, ಕ್ಯಾನ್ಸರ್ ಗಡ್ಡಿ ಒಂದು ಅಳತಿ ದಾಟಿ ಬೆಳೀಬೇಕಂದ್ರ ಅದಕ್ಕ ತನ್ನದ ನಾಳ ಬೇಕು. ಜುಡಾ ಫೋಕ್‌ಮನ್ ಅನ್ನೋ ಸರ್ಜನ್ 1971ರಾಗ ಈ ಮಾತು ಹೇಳಿದ್ರು. ನಮ್ಮ ಕಡೆ ಕಾಲುವಿಗೆ ರಾತ್ರೋರಾತ್ರಿ ಕಳ್ಳ ಪೈಪ್ ಹಾಕಿ ಕಬ್ಬಿಗೆ ನೀರು ಎಳಕೊಳ್ಳವರು ಇಲ್ಲೇನು, ಹಂಗ. ಅವಸರಕ್ಕ ಹಾಕಿದ ಪೈಪ್ ಹೆಂಗಿರ್ತೈತ್ರಿ? ಜಾಯಿಂಟ್ ಸಡಲ, ಅಲ್ಲಲ್ಲೆ ಸೊಟ್ಟ, ಎಲ್ಲೆ ನೋಡಿದ್ರೂ ಸೋರಿಕಿ. ಗಡ್ಡಿಯ ಹೊಸ ನಾಳಗಳೂ ಥೇಟ್ ಹಂಗ.

ಪುಪ್ಪಸದಾಗ ಇನ್ನೊಂದು ತೊಡಕು ಐತಿ, ನನಗ ಭಾಳ ಹಿಡಿಸಿದ್ದು ಇದ. ಬ್ಯಾರೆ ಅಂಗಕ್ಕ ಸಾಮಾನ್ಯ ಒಂದ ಕಡೆಯಿಂದ ರಕ್ತ. ಪುಪ್ಪಸಕ್ಕ ಎರಡು ಕಡೆಯಿಂದ. ಹೃದಯದ ಬಲಗಡೆಯಿಂದ ಆಕ್ಸಿಜನ್ ತುಂಬಿಸ್ಕೊಳ್ಳಾಕ ಬರೋ ಕೆಟ್ಟ ರಕ್ತ, ಪಲ್ಮನರಿ ಆರ್ಟರಿ, ಅದು ವೇದಗಂಗಾ ಹೊಳಿ ಇದ್ದಂಗ, ತುಂಬಿ ಹರೀತೈತಿ. ಮತ್ತ ಹೃದಯದ ಎಡಗಡೆಯಿಂದ ಹೊರಡೋ ದೊಡ್ಡ ನಾಳ ಅಯೋರ್ಟಾದಿಂದ ಬರೋ ಸಣ್ಣ ಬ್ರಾಂಕಿಯಲ್ ಆರ್ಟರಿ, ಪುಪ್ಪಸದ ಸ್ವಂತ ಊಟಕ್ಕ, ಮನಿ ಬಾವಿ ಇದ್ದಂಗ. ಲಂಗ್ ಕ್ಯಾನ್ಸರ್ ಹೆಚ್ಚಾಗಿ ಬಾವಿ ನೀರಿಗೇ ಬಾಯಿ ಹಚ್ತೈತಿ, ಆದ್ರ ಹೊಳಿ ನೀರೂ ಬಿಡೂದಿಲ್ಲ ಕೆಲವೊಂದು. ಲೆಕ್ಕ ಮಾಡೋಮುಂದ ಬರೇ ಒಂದ ಕಾಲುವಿ ಹಿಡಿದ್ರ ಉತ್ತರ ತಪ್ಪು. ಪಲ್ಮನರಿ ಆರ್ಟರಿಯೊಳಗ ಔಷಧ ಮೊದಲ ಬರ್ತೈತಿ, ಕೆಲವು ಸೆಕೆಂಡ್ ಬಿಟ್ಟು ಅಯೋರ್ಟಾಕ್ಕ, ಆ ನಡುವಿನ ಫರಕಿನಿಂದ ಯಾವ ನೀರು ಎಷ್ಟು ಅಂತ ಬ್ಯಾರೆ ಮಾಡ್ತಾರ.

ಈಗ ಅವತ್ತಿನ ಕತಿ.

ಮುಂಜಾನಿ ಕಿಡ್ನಿ ಕೆಲಸ ಹೆಂಗ ಐತಿ ಅಂತ ಹೇಳೋ ಕ್ರಿಯಾಟಿನಿನ್ ರಿಪೋರ್ಟ್ ನೋಡಿದ್ವಿ, ನಾರ್ಮಲ್ ಇತ್ತು, ಇಲ್ಲಂದ್ರ ಕಾಂಟ್ರಾಸ್ಟ್ ಕೊಡೋದು ಕಿಡ್ನಿಗೆ ತ್ರಾಸು. ನಾಲ್ಕು ತಾಸು ಉಪಾಸ. ಸಿಸ್ಟರ್ ಮೊಣಕೈ ಮಡಚೋ ಜಾಗಾದಾಗ ಹಸಿರು ಕ್ಯಾನುಲಾ ಹಾಕಿದ್ರು, 18 ಗೇಜ್, ದಪ್ಪಂದು. ಸಾದಾ ಸಿಟಿಗೆ ಗುಲಾಬಿ ಬಣ್ಣದ್ದು ಸಾಕು, ಇಲ್ಲೆ ಸೆಕೆಂಡಿಗೆ 5 ಎಂಎಲ್ ಜೋರಿಲೆ ಬಿಡಬೇಕು, ಸಣ್ಣ ಸೂಜಿ ಇದ್ರ ನರ ಒಡೆದು ಕೈ ಬಾತುಕೊಳ್ತೈತಿ. ಮಾಮಾನ ನರ ಮಾತ್ರ ಚೀಲ ಹೊತ್ತು ಹೊತ್ತು ಹಗ್ಗದಂಗ ಇದ್ವು, ಒಂದ ಸಲಕ್ಕ ಸಿಕ್ತು. ಸಿಸ್ಟರ್‌ಗೇ ಖುಷಿ.

ಅವಘಡದ ಜಾಗಾ ಯಾವಾಗ್ಲೂ ಉಸಿರು. ಮೆದುಳು ಅಲ್ಲಾಡೂದಿಲ್ಲ, ಪುಪ್ಪಸ ಅಲ್ಲಾಡ್ತೈತಿ. ಗಡ್ಡಿ ಮ್ಯಾಲ ಕೆಳಗ ಸರದ್ರ ಒಂದು ಸೆಕೆಂಡಿನ ಚಿತ್ರದಾಗ ಗಡ್ಡಿ, ಮುಂದಿನ ಸೆಕೆಂಡಿನಾಗ ಅದ ಜಾಗಾದಾಗ ಗಾಳಿ, ಗ್ರಾಫ್ ಕುದರಿ ಜಿಗದಂಗ ಜಿಗೀತೈತಿ. ಮೊದಲ ಸುತ್ತಿಗೆ ನಲವತ್ತೈದು ಸೆಕೆಂಡ್ ಉಸಿರು ಹಿಡದ್ರ ಭಾಳ ಚಲೋ. ಬೀಡಿ ಸೇದಿದ ಅರವತ್ತೇಳು ವರ್ಷದ ಮನಿಷಾಗ, ಒಳಗ 6 ಸೆಂಟಿಮೀಟರ್ ಗಡ್ಡಿ ಇಟ್ಕೊಂಡು, ನಲವತ್ತೈದು ಸೆಕೆಂಡ್! ಅದಕ್ಕ ಮೂಗಿಗೆ ಆಕ್ಸಿಜನ್ ನಳಿ ಹಾಕಿ, ಮೊದಲ ಎರಡು ಸಲ ಪ್ರಾಕ್ಟೀಸ್ ಮಾಡಿಸ್ದೆ. ‘ಆಗೂತನಾ ಹಿಡಿ ಮಾಮಾ, ಆಗದಿದ್ರ ಒಮ್ಮೆಲೆ ಬಿಡಬ್ಯಾಡ, ಮೆಲ್ಲಕ ಸಣ್ಣ ಸಣ್ಣ ಉಸಿರು ಆಡು, ಎದಿ ಏರಬಾರದು’ ಅಂದೆ. ಮೊದಲ ಸಲ 26. ಎರಡನೇದಕ್ಕ 33. ನಾ ಬೆರಗಾದೆ. ಅಂವ ನಕ್ಕ: ‘ವಖಾರಿಯೊಳಗ ಚೀಲ ಝಾಡಿಸೋಮುಂದ ಹಿಂಗ ದಮ್ಮು ಹಿಡೀತಿದ್ವೋ, ಧೂಳು ಕುಂದ್ರೂತನಾ. ನನ್ನಷ್ಟು ಹೊತ್ತು ಹಿಡಿಯವರು ಯಾರೂ ಇರ್ಲಿಲ್ಲ.’

ಲೆಡ್ ಬಾಗಿಲ ಹಾಕಿ ಈಕಡೆ ಬಂದೆ. ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್ 80 ಕೆವಿ ಇಟ್ಟೆ, ಕಡಿಮಿ ಕೆವಿಗೆ ಅಯೋಡಿನ್ ಹೆಚ್ಚು ಹೊಳೀತೈತಿ, ರೇಡಿಯೇಷನ್ನೂ ಒಂದೀಟ ಕಡಿಮಿ. ನಮ್ಮದು 128 ಸ್ಲೈಸ್ ಮಷೀನ್, ಪೂರ್ತಿ ಗಡ್ಡಿ ಒಮ್ಮೆಲೆ ಹಿಡಿಯೂದಿಲ್ಲ, ಟೇಬಲ್ ಹಿಂದ ಮುಂದ ಓಡ್ಯಾಡಬೇಕು, ತೊಟ್ಲದಂಗ. 320 ಸಾಲಿನ ಮಷೀನ್ ಇದ್ದವರಿಗೆ ಆ ಕಷ್ಟ ಇಲ್ಲ, ಒಂದ ಸುತ್ತಿಗೆ 16 ಸೆಂಟಿಮೀಟರ್ ಬರ್ತೈತಿ. ಇಂಜೆಕ್ಟರ್ ಬಟನ್ ಒತ್ತಿದೆ. 50 ಎಂಎಲ್ ಔಷಧ, ಹಿಂದಿಂದ ಸಲೈನ್. ಹತ್ತು ಸೆಕೆಂಡಿನಾಗ ಔಷಧ ಎಲ್ಲಾ ಒಳಗ. ಮೈಕಿನಾಗ ‘ಮೈ ಬಿಸಿ ಆಗ್ತೈತಿ, ಉಚ್ಚಿ ಹೊಂಟಂಗ ಅನ್ನಸ್ತೈತಿ, ಹೊಂಟಿರೂದಿಲ್ಲ, ಅಂಜಬ್ಯಾಡ’ ಅಂತ ಎಲ್ಲಾರಿಗೂ ಹೇಳೋದನ್ನ ಅವನಿಗೂ ಹೇಳಿದೆ. ‘ಉಸಿರು ಎಳಕೋ. ಹಿಡಿ.’

ಸೆಕೆಂಡ್ ಎಣಿಸಾಕತ್ತೆ. ಪಲ್ಮನರಿ ಆರ್ಟರಿ ಬೆಳಗಿತು. ಅಯೋರ್ಟಾ ಬೆಳಗಿತು. ಗಡ್ಡಿ ಸುತ್ತ ಒಂದು ತೆಳ್ಳನ ಉಂಗುರ ಬೆಳ್ಳಗಾಗಾಕತ್ತಿತು, ನಡುವ ಏನೂ ಇಲ್ಲ, ಬೂದಿ ಬಣ್ಣ. 25, 28, 30. 31ಕ್ಕ ಕೆಮ್ಮಿದ.

ಪಿಜಿ ಡಾಕ್ಟರ್ ನನ್ನ ಹಿಂದ ನಿಂತಿದ್ರು, ‘ಹೋಗ್ಲಿ ಬಿಡ್ರಿ, ಗ್ರಾಫಿನ ಏರಿಕಿ ಸಿಕ್ಕೈತಿ’ ಅಂದ್ರು. ಖರೇನ. ರಕ್ತದ ಮೊದಲ ಸುತ್ತು ಅಷ್ಟ್ರಾಗ ದಾಟಿತ್ತು. ಹಾಳಾಗಿದ್ದು ಆಮ್ಯಾಲಿಂದು, ಸೋರಿಕಿ ಲೆಕ್ಕಕ್ಕ ಬೇಕಾದ ಭಾಗ. ಸಾಫ್ಟ್‌ವೇರ್ ಅಲುಗಿದ ಚಿತ್ರಗಳನ್ನ ಒಂದರ ಮ್ಯಾಲ ಒಂದು ಕೂಡಿಸಾಕ ನೋಡ್ತೈತಿ, ಕೆಮ್ಮಿಗೆ ಅದೂ ಕೈ ಎತ್ತತೈತಿ. ಸೋರಿಕಿ ನಂಬರ್ ಅವರು ಥೀಸಿಸ್‌ನ್ಯಾಗ ಬಿಟ್ಟೇ ಬಿಟ್ರು. ಒಳಗ ಹೋಗಿ ನಳಿ ತಗಿಯೋಮುಂದ ಮಾಮಾ, ‘ಮೊದಲ ಸಲ ತಂಬಾಕು ಬಾಯಿಗೆ ಹಾಕಿದಾಗ ಹಿಂಗ ಮೈ ಬಿಸಿ ಆಗಿತ್ತು ನೋಡು’ ಅಂದ. ಆಮ್ಯಾಲ ಸಣ್ಣ ದನಿಲೆ, ‘ಕೆಮ್ಮಿಬಿಟ್ನೇನೋ, ಕೆಡ್ತೇನು?’

ವರ್ಕ್‌ಸ್ಟೇಷನ್ ಮ್ಯಾಲ ಪಲ್ಮನರಿ ಆರ್ಟರಿಗೆ ಒಂದು ಸಣ್ಣ ದುಂಡ ಗುರ್ತು, ಅಯೋರ್ಟಾಕ್ಕ ಒಂದು, ಗಡ್ಡಿ ಸುತ್ತ ಕೈಲೆ ಗೆರಿ. ಬಣ್ಣದ ನಕಾಶಿ ಬಂತು, ಕೆಂಪು ಅಂದ್ರ ರಕ್ತ ಹೆಚ್ಚು, ನೀಲಿ ಅಂದ್ರ ಇಲ್ಲದಷ್ಟು ಕಡಿಮಿ. ಸಾದಾ ಸಿಟಿಯೊಳಗ ಗಡ್ಡಿ ಅಂದ್ರ ಒಂದು ಗುಂಡನ್ನ ಬಟಾಟಿ, ಅಲ್ಲೇನು ಇಲ್ಲೇನು ಎಲ್ಲಾ ಒಂದ. ಇಲ್ಲೆ ಹಿಂಬದಿಗೆ, ಬೆನ್ನಿನ ಎಲುವಿನ ಬದಿಗೆ ಕೆಂಪು ಹಳದಿ ಪಟ್ಟಿ, ನಡುವ ಕಡುನೀಲಿ ಕೆರಿ. ನಮ್ಮ ಮೊದಲ ಸೂಜಿ ಹೋಗಿದ್ದು ಆ ನೀಲಿ ಕೆರಿಯೊಳಗ. ಸತ್ತ ಜಾಗಾಕ್ಕ ಹೋಗಿ ಜೀವ ಇರೋ ಸೆಲ್ ಕೊಡ್ರಿ ಅಂದ್ರ ಎಲ್ಲಿಂದ ಕೊಡಬೇಕು ಅದು.

ಎರಡನೇ ಬಯಾಪ್ಸಿಗೆ ರೇಡಿಯಾಲಜಿ ಸರ್ ನಕಾಶಿ ಪಕ್ಕಕ್ಕ ತೆರೆದಿಟ್ಕೊಂಡು, ಮಾಮಾನ್ನ ಬೋರಲ ಮಲಗಿಸಿ, ಆ ಕೆಂಪು ಪಟ್ಟಿಗೆ ಸೂಜಿ ಹಾಕಿದ್ರು. ರಕ್ತ ಹೆಚ್ಚು ಹರಿಯೋ ಜಾಗಾ ಅಂದ್ರ ಸೂಜಿಗೆ ರಕ್ತಸ್ರಾವದ ಅಂಜಿಕಿನೂ ಹೆಚ್ಚು, ಅದನ್ನೂ ಅವರು ಮೊದಲ ಹೇಳಿದ್ರು. ಮೂರು ತುಣುಕು ಬಂದ್ವು. ರಿಪೋರ್ಟ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಹೆಚ್ಚಾಗಿ ಬೀಡಿ ಸಿಗರೇಟ್ ಸೇದವರಿಗೆ ಬರೋ ಲಂಗ್ ಕ್ಯಾನ್ಸರ್ ನಮೂನಿ, ನಡುವ ಕೊಳೀತಾ ಹೋಗೋ ಸ್ವಭಾವದ್ದು. ಹೆಸರು ತಿಳಿದ್ರ ಏನು ಲಾಭ ಅಂದ್ರ, ಗಡ್ಡಿಯ ಹೊಸ ನಾಳ ಬೆಳೀದಂಗ ತಡಿಯೋ ಬೆವಾಸಿಜುಮ್ಯಾಬ್ ಅಂತ ಔಷಧ ಐತಿ, ಲಂಗ್ ಕ್ಯಾನ್ಸರ್‌ಗೆ ಅಮೆರಿಕಾದಾಗ 2006ರಾಗ ಒಪ್ಪಿಗಿ ಸಿಕ್ತು, ಆದ್ರ ಸ್ಕ್ವಾಮಸ್ ಇದ್ದವರಿಗೆ ಕೊಡೂದಿಲ್ಲ, ಪುಪ್ಪಸದಾಗ ಜೀವಕ್ಕ ಕುತ್ತು ಆಗುವಷ್ಟು ರಕ್ತ ಹರಿದದ್ದು ಟ್ರಯಲ್‌ನ್ಯಾಗ ಕಂಡಿತ್ತು. ಮೊಬೈಲ್‌ನ್ಯಾಗ ನಾಳ ಒಣಗಿಸೋ ಔಷಧದ ಬಗ್ಗೆ ಓದಿ ಬಂದಿದ್ದ ನಮ್ಮ ಮಾಮಾನ ಮಗ ಡಾಕ್ಟರ್‌ಗೆ ಅದನ್ನ ಕೊಡ್ರಿ ಅಂತ ಗಂಟು ಬಿದ್ದಿದ್ದ, ಆಮ್ಯಾಲ ಸುಮ್ಮನಾದ.

ರೇಡಿಯೇಷನ್ ಡಾಕ್ಟರ್ ನಕಾಶಿ ನೋಡಿ ನೀಲಿ ಕೆರಿ ಮ್ಯಾಲ ಬೆರಳಿಟ್ಟು, ‘ಇದ ನಮಗ ತ್ರಾಸು ಕೊಡೋದು’ ಅಂದ್ರು. ರಕ್ತ ಇಲ್ಲದಲ್ಲೆ ಆಕ್ಸಿಜನ್ ಇರೂದಿಲ್ಲ, ಆಕ್ಸಿಜನ್ ಇಲ್ಲದ ಸೆಲ್‌ಗೆ ರೇಡಿಯೇಷನ್ ಸರಿಯಾಗಿ ನಾಟೂದಿಲ್ಲ, ಇದು 1950ರ ದಶಕದಿಂದ ಗೊತ್ತಿರೋ ಮಾತು. ನೀಲಿಯೊಳಗ ಪೂರ್ತಿ ಸತ್ತಿದ್ದೆಷ್ಟು, ಉಸಿರುಗಟ್ಟಿ ಇನ್ನೂ ಜೀವ ಹಿಡ್ಕೊಂಡು ಕುಂತಿದ್ದೆಷ್ಟು ಅಂತ ನಕಾಶಿ ಹೇಳೂದಿಲ್ಲ. ಕೀಮೋ ಔಷಧಾನೂ ರಕ್ತದ ಜೋಡಿನ ಹೋಗ್ಬೇಕಲ್ಲ. ಹಂಗಂತ ಅವರು ನಕಾಶಿ ನೋಡಿ ಡೋಸ್ ಏನೂ ಬದಲಿ ಮಾಡ್ಲಿಲ್ಲ, ಎಲ್ಲಾರಿಗೂ ಇರೋದ ಪ್ಲಾನ್, 30 ಸಿಟ್ಟಿಂಗ್, ಒಟ್ಟು 60 ಗ್ರೇ (ರೇಡಿಯೇಷನ್ ಡೋಸಿನ ಅಳತಿ), ವಾರಕ್ಕೊಮ್ಮೆ ಕೀಮೋ.

ಇದನ್ನ ಒತ್ತಿ ಬರೆಯಾಕ ಕಾರಣ ಐತಿ. ಮಾಮಾನ ಸುದ್ದಿ ತಿಳಿದ ಮ್ಯಾಲ ಇಬ್ರು ಮೂವರು ಫೋನ್ ಹಚ್ಚಿ, ‘ನಮ್ಮವರಿಗೂ ಆ ಬಣ್ಣದ ಸಿಟಿ ಮಾಡಸ್ರಿ, ರೊಕ್ಕ ಹೋಗ್ಲಿ’ ಅಂದ್ರು. ಬ್ಯಾಡ್ರಿ. ಸ್ಟೇಜ್ ನೋಡಾಕ ಸಾದಾ ಕಾಂಟ್ರಾಸ್ಟ್ ಸಿಟಿ, ಪೆಟ್ ಸಿಟಿ, ಮೆದುಳಿನ ಎಂಆರ್‌ಐ ಅದಾವ. ಪೆಟ್ ಗಡ್ಡಿ ಎಷ್ಟು ಸಕ್ಕರಿ ತಿಂತೈತಿ ಅಂತ ತೋರಸ್ತೈತಿ, ಪರ್ಫ್ಯೂಷನ್ ಎಷ್ಟು ರಕ್ತ ಕುಡೀತೈತಿ ಅಂತ, ಎರಡೂ ಒಂದಲ್ಲ, ಆದ್ರ ಮೊದಲಿಂದು ಬೇಕೇ ಬೇಕು, ಎರಡನೇದು ಡಾಕ್ಟರ್‌ಗೆ ಒಂದು ಖಾಸ್ ಪ್ರಶ್ನಿ ಇದ್ದಾಗ ಅಷ್ಟ. ಅದ ಜಾಗಾಕ್ಕ ಹತ್ತಿಪ್ಪತ್ತು ಸಲ ಎಕ್ಸ್‌ರೇ ಬೀಳ್ತೈತಿ, ರೇಡಿಯೇಷನ್ ಹೆಚ್ಚಿಗಿ. ಮತ್ತ ಒಂದು ಕಂಪನಿ ಸಾಫ್ಟ್‌ವೇರ್ ಕೊಟ್ಟ ನಂಬರ್ ಇನ್ನೊಂದು ಕಂಪನಿಯದರ ಜೋಡಿ ಕೂಡೂದಿಲ್ಲ, ಒಂದ ಡಾಟಾ ಎರಡರಾಗ ಹಾಕಿ ನಾನ ನೋಡೀನಿ, ಕೆಂಪು ಜಾಗಾ ಕೆಂಪ ಇರ್ತೈತಿ, ನಂಬರ್ ಬ್ಯಾರೆ. ಅದಕ್ಕ ಇಲ್ಲಿಂದು ಒಂದು ರಿಪೋರ್ಟ್, ಪುಣೆದು ಒಂದು ರಿಪೋರ್ಟ್ ಪಕ್ಕ ಪಕ್ಕ ಇಟ್ಟು ಗಡ್ಡಿ ಇಳೀತು ಏರಿತು ಅಂತ ಮನಿಯೊಳಗ ಜಗಳಾಡಬ್ಯಾಡ್ರಿ.

ಹಂಗ ನೋಡಿದ್ರ ಗಡ್ಡಿ ಅಳತಿ ಮಾಡೋದು ಇವತ್ತಿಗೂ ಸ್ಕೇಲಿನ ಲೆಕ್ಕದಾಗ. ಉದ್ದಳತಿ 30 ಪರ್ಸೆಂಟ್ ಕಡಿಮಿ ಆದ್ರ ಔಷಧ ಹತ್ತೈತಿ ಅಂತಾರ. ಒಳಗಿನ ರಕ್ತ ಮೊದಲ ಬತ್ತಿ, ಗಾತ್ರ ಆಮ್ಯಾಲ ಇಳಿಯೋದೂ ಇರ್ತೈತಿ, ಅದನ್ನ ಪರ್ಫ್ಯೂಷನ್ ಬೇಗ ಹಿಡೀಬಹುದು ಅನ್ನೋದ ಪಿಜಿ ಡಾಕ್ಟರ್ ಥೀಸಿಸ್‌ದು ಮುಂದಿನ ಅಧ್ಯಾಯ. ಹಿಂಗಾಗಿ ಟ್ರೀಟ್ಮೆಂಟ್ ಮುಗದ ಮ್ಯಾಲ ಮಾಮಾ ಇನ್ನೊಮ್ಮೆ ಮಲಗಬೇಕು.

ಈಗ ನಮ್ಮ ಮನ್ಯಾಗ ಅದಾನ, ದಿನಾ ನಿಪ್ಪಾಣಿಯಿಂದ ಬಂದು ಹೋಗೋದು ಆಗೂದಿಲ್ಲ. ನಿನ್ನೆ 19ನೇ ಸಿಟ್ಟಿಂಗ್ ಆತು. ನುಂಗಾಕ ಉರಿ ಅಂತಾನ, ರೊಟ್ಟಿ ಬಿಟ್ಟು ಅಂಬಲಿ, ಮೆತ್ತನ ಅನ್ನ ನಡದೈತಿ. ಬೀಡಿ ಬಿಟ್ಟಾನ, ಬೆಂಕಿಪೆಟ್ಟಿಗಿ ಮಾತ್ರ ಕಿಸೆದಾಗ ಐತಿ, ಯಾಕ ಅಂದ್ರ ದೇವರ ದೀಪಕ್ಕ ಅಂತಾನ. ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಎದ್ದೇ ಕುಂತಿದ್ದ.

‘ಇವತ್ತ ಎಷ್ಟ ಮಂದಿಗೆ ದಮ್ಮು ಹಿಡಿಸಿದ್ಯೋ ಅಳಿಯಾ?’

‘ಇಪ್ಪತ್ತೆಂಟು.’

‘ಯಾರರ ಕೆಮ್ಮಿದ್ರೇನು?’

ಇಬ್ರು, ಅಂದೆ.